ಪೆಟ್ಟಿಗೆಯೊಳಗೆ ಉಸಿರುಗಟ್ಟುವ ಜನರೇಟರ್

ಪ್ರಶ್ನೆ: ನಾವು ಗಂಗಾವತಿಯವರು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು ಒಳಗೆ ಮಲಗುವ ಮಂಚ, ಸಣ್ಣ ಅಡುಗೆ ಕಟ್ಟೆ, ಫ್ರಿಜ್, ಒಂದು ಟನ್ನಿನ ಎ.ಸಿ. ಹಾಕಿಸಿ, ಮನೆಮಂದಿಯೆಲ್ಲ ಊರೂರು ಸುತ್ತುವ ಗಾಡಿ ಮಾಡಿಕೊಂಡಿದ್ದೇವೆ. ಹಿಂಬದಿಗೆ ತಗಡಿನ ಪೆಟ್ಟಿಗೆ ಮಾಡಿಸಿ, ಸದ್ದು ಬರಬಾರದೆಂದು ಒಳಗೆಲ್ಲ ಸ್ಪಂಜು ಅಂಟಿಸಿ, 3 ಕೆವಿಎ ಪೆಟ್ರೋಲ್ ಜನರೇಟರ್ ಕೂಡಿಸಿದ್ದೇವೆ. ಏಪ್ರಿಲ್‌ನಲ್ಲಿ ಸಾಣಾಪುರ ಕೆರೆಯ ಹತ್ತಿರ ನಿಲ್ಲಿಸಿದಾಗ, ಮಧ್ಯಾಹ್ನ ಎ.ಸಿ. ಹಚ್ಚಿದ 20-25 ನಿಮಿಷಕ್ಕೆ ಜನರೇಟರ್ ನಿಂತುಬಿಡುತ್ತಿತ್ತು. ಅರ್ಧ ತಾಸು ಬಿಟ್ಟರೆ ಮತ್ತೆ ಚಾಲೂ ಆಗುತ್ತಿತ್ತು. ಬೆಳಗಿನ ಹೊತ್ತು ನಿಲ್ಲುವುದಿಲ್ಲ, ಆದರೆ ಬರೀ ದೀಪ, ಫ್ಯಾನ್ ಹಚ್ಚಿದಾಗ ಎಂಜಿನ್ ಸದ್ದು ಏರಿಳಿಯುತ್ತದೆ, ದೀಪ ಮಿಣುಕುತ್ತದೆ. ಮೆಕ್ಯಾನಿಕ್ ಪ್ಲಗ್ ಬದಲಿಸಿ ಕಾರ್ಬುರೇಟರ್ ತೊಳೆದು ಕೊಟ್ಟರೂ ಗುಣ ಕಾಣಲಿಲ್ಲ. 5 ಕೆವಿಎ ಜನರೇಟರ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಯಂತ್ರ ಚಿಕ್ಕದಾಯಿತು ಎನ್ನುವುದಕ್ಕಿಂತ ಅದನ್ನು ಕೂಡಿಸಿದ ಪೆಟ್ಟಿಗೆ ಬಿಗಿಯಾಯಿತು ಎಂದೇ ನನಗೆ ತೋರುತ್ತದೆ. ಯಂತ್ರಕ್ಕೆ ಶಕ್ತಿ ಸಾಲದೆ ಹೋಗಿದ್ದರೆ ಎ.ಸಿ.ಯ ಕಂಪ್ರೆಸರ್ ಎತ್ತಿಕೊಳ್ಳುವ ಕ್ಷಣದಲ್ಲೇ ಎಂಜಿನ್ ಮುಗ್ಗರಿಸುತ್ತಿತ್ತು, ಇಲ್ಲವೇ ಬ್ರೇಕರ್ ಬೀಳುತ್ತಿತ್ತು. 20 ನಿಮಿಷ ಹೊತ್ತ ಭಾರವನ್ನು 21ನೆಯ ನಿಮಿಷಕ್ಕೆ ಕೆಳಗಿಡುತ್ತಿರಲಿಲ್ಲ. ಬೆಳಗಿನ ತಂಪಿನಲ್ಲಿ ಓಡಿ, ಮಧ್ಯಾಹ್ನ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುವ ಯಂತ್ರ ತನ್ನ ಕಷ್ಟ ಬಿಸಿಯದು ಎಂದು ತಾನೇ ಹೇಳುತ್ತಿದೆ. ಅದೇ ಪೆಟ್ಟಿಗೆಯಲ್ಲಿ 5 ಕೆವಿಎ ಯಂತ್ರವನ್ನು ತುರುಕಿದರೆ ಸುತ್ತಲಿನ ಜಾಗ ಇನ್ನಷ್ಟು ಕಡಿಮೆಯಾಗಿ, ಪೆಟ್ರೋಲ್ ಖರ್ಚು ಹೆಚ್ಚಿ, ಅದು ಇನ್ನೂ ಬೇಗ ನಿಂತರೂ ನಿಂತೀತು.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 9 ಯುನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹುಟ್ಟುತ್ತದೆ. ತಾಸಿಗೆ ಲೀಟರಿನ ಮೇಲೆ ಕುಡಿಯುವ ಈ ವರ್ಗದ ಜನರೇಟರ್ ಅದರಲ್ಲಿ 2 ಯುನಿಟ್‌ನಷ್ಟನ್ನು ಮಾತ್ರ ವಿದ್ಯುತ್ತಾಗಿ ಕೊಡುತ್ತದೆ. ಉಳಿದ ಏಳೆಂಟು ಯುನಿಟ್ ಬರೀ ಶಾಖ. ಅದರಲ್ಲಿ ಒಂದು ಪಾಲು ಸೈಲೆನ್ಸರಿನ ಹೊಗೆಯೊಂದಿಗೆ ಹೊರಬೀಳುತ್ತದೆ, ಮಿಕ್ಕಿದ್ದೆಲ್ಲ ಎಂಜಿನ್ನಿನ ಮೈಮೇಲಿನ ತಂಪು ರೆಕ್ಕೆಗಳಿಂದಲೂ ಸೈಲೆನ್ಸರಿನ ಮೈಯಿಂದಲೂ ಪೆಟ್ಟಿಗೆಯೊಳಗೇ ಇಳಿಯುತ್ತದೆ. ಹೊರಗಿನ ಗಾಳಿಯೇ 40 ಡಿಗ್ರಿ ಇರುವ ನಮ್ಮ ಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ, ಎರಡು ಗೀಸರ್‌ಗಳ ಬಿಸಿಯನ್ನು ತಗಡಿನ ಪೆಟ್ಟಿಗೆಯಲ್ಲಿ ಕೂಡಿಹಾಕಿ ಮೇಲೆ ಸ್ಪಂಜು ಹೊದಿಸಿದಂತಾಯಿತು. ಗಾಳಿಯಿಂದ ತಣಿಯುವ ಎಂಜಿನ್ ತನ್ನ ಫ್ಯಾನಿನಿಂದ ಗಾಳಿಯನ್ನು ಬೀಸಿಕೊಳ್ಳುತ್ತದೆಯೇ ಹೊರತು ಆ ಗಾಳಿಯನ್ನು ತಣ್ಣಗೆ ಮಾಡಿಕೊಳ್ಳಲಾರದು. ತಾನು ಬಿಟ್ಟ ಬಿಸಿಯನ್ನೇ ತಿರುಗಿ ಸೇದಿಕೊಳ್ಳುವ ಯಂತ್ರ ಎಷ್ಟು ದೊಡ್ಡದಾದರೇನು?

ಆದ್ದರಿಂದ ಮೊದಲ ಪರೀಕ್ಷೆಗೆ ಸ್ಪ್ಯಾನರೂ ಬೇಡ, ಮೀಟರೂ ಬೇಡ. ಜನರೇಟರನ್ನು ಪೆಟ್ಟಿಗೆಯಿಂದ ಪೂರ್ತಿ ಹೊರತೆಗೆದು, ಗಾಡಿಯಿಂದ ದೂರ, ಗಾಳಿ ಆಡುವ ನೆರಳಿನಲ್ಲಿ ಸಮತಟ್ಟಾದ ನೆಲದ ಮೇಲಿಟ್ಟು, ಅದೇ ಮಧ್ಯಾಹ್ನದ ಹೊತ್ತಿನಲ್ಲಿ ಅದೇ ಎ.ಸಿ.ಯನ್ನು ಒಂದು ತಾಸು ಓಡಿಸಿರಿ. ನಿಲ್ಲದೆ ಓಡಿದರೆ ದೋಷ ಪೆಟ್ಟಿಗೆಯದು; ಈ ನಿಲುಗಡೆಗಾಗಿ ಕಾರ್ಬುರೇಟರನ್ನು ಮತ್ತೆ ಬಿಚ್ಚುವ ಕೆಲಸವಿಲ್ಲ. ಹೊರಗಿಟ್ಟರೂ ನಿಂತರೆ ಮಾತ್ರ ಯಂತ್ರದ ಒಳಗೆ ಹುಡುಕಬೇಕು.

ಹಾಗೆ ಹುಡುಕುವಾಗ ಅದು ಹೇಗೆ ನಿಂತಿತು ಎಂಬುದನ್ನು ಕಿವಿಗೊಟ್ಟು ಕೇಳಿರಬೇಕು. ಗ್ಯಾರೇಜಿಗೆ ಬರುವವರು ಸಾಮಾನ್ಯವಾಗಿ ನಿಂತಿತು ಎಂದಷ್ಟೇ ಹೇಳುತ್ತಾರೆ. ಹೇಗೆ ನಿಂತಿತು ಎಂದು ಹೇಳಿದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ಕಿಡಿ ಹೋಯಿತು ಎಂದು ತಿಳಿಯಬೇಕು: ಒಂದೋ ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಬಿಸಿಗೆ ಸೋಲುತ್ತಿದೆ, ಇಲ್ಲವೇ ಆಯಿಲ್ ಕಡಿಮೆಯಾದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ಕೆಲಸ ಮಾಡಿದೆ. ನಾಲ್ಕಾರು ಸೆಕೆಂಡು ಏದುಸಿರು ಬಿಟ್ಟು, ಏರಿ ಇಳಿದು, ಸೊರಗಿ ನಿಂತರೆ ಪೆಟ್ರೋಲ್ ಬರುವುದು ಕಡಿಮೆಯಾಗಿದೆ. ಏದುಸಿರು ಬಿಡುತ್ತಿರುವಾಗಲೇ ಚೋಕನ್ನು, ಎಂದರೆ ಕಾರ್ಬುರೇಟರಿಗೆ ಹೋಗುವ ಗಾಳಿಯನ್ನು ತಡೆಯುವ ಹಿಡಿಕೆಯನ್ನು, ಅರ್ಧ ಎಳೆದು ನೋಡಿರಿ. ಎಂಜಿನ್ ಚೇತರಿಸಿಕೊಂಡರೆ ಸಂಶಯವೇ ಉಳಿಯುವುದಿಲ್ಲ.

ಪೆಟ್ರೋಲ್ ಕಡಿಮೆಯಾಗುವ ಕಾರಣಗಳಲ್ಲಿ ಎಲ್ಲರೂ ಮರೆಯುವ ಒಂದು ಟ್ಯಾಂಕಿನ ಮುಚ್ಚಳದ್ದು. ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸೂಜಿಮೊನೆಯಷ್ಟು ರಂಧ್ರವಿರುತ್ತದೆ. ಅದು ಧೂಳಿನಿಂದ ಕಟ್ಟಿಕೊಂಡರೆ ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ, 20 ನಿಮಿಷಕ್ಕೋ ಅರ್ಧ ತಾಸಿಗೋ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಸುಮ್ಮನೆ ಬಿಟ್ಟರೆ ನಿಧಾನವಾಗಿ ಗಾಳಿ ಸೋರಿ ಮತ್ತೆ ಸರಿಹೋಗುತ್ತದೆ, ನೋಡುವವರಿಗೆ ಅದು ಬಿಸಿಯ ದೋಷದಂತೆಯೇ ಕಾಣುತ್ತದೆ. ಯಂತ್ರ ಬಯಲಿನಲ್ಲಿರುವಾಗ, ನಿಂತ ಐದು ನಿಮಿಷದ ಮೇಲೆ, ಹತ್ತಿರ ಬೆಂಕಿ ಬೀಡಿ ಯಾವುದೂ ಇಲ್ಲದಂತೆ ನೋಡಿಕೊಂಡು ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿರಿ. ಗಾಳಿಯನ್ನು ಒಳಗೆಳೆದುಕೊಂಡ ಸದ್ದಾಗಿ, ಮರುಕ್ಷಣವೇ ಎಂಜಿನ್ ಹಿಡಿದರೆ ಮುಚ್ಚಳ ಬದಲಿಸಿದರೆ ಸಾಕು. ಎರಡನೆಯ ಕಾರಣ, ಪೆಟ್ರೋಲ್ ಪೈಪು ಸೈಲೆನ್ಸರಿನ ಹತ್ತಿರ ಹಾದುಹೋಗಿ ಒಳಗಿನ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದು. ಇದು ಮತ್ತೆ ಪೆಟ್ಟಿಗೆಯ ಬಿಸಿಗೇ ಬಂದು ನಿಲ್ಲುತ್ತದೆ.

ಕಾಯಿಲ್ ಸಂಶಯವಿದ್ದರೆ ಯಂತ್ರ ನಿಂತ ತಕ್ಷಣ, ಬಿಸಿಯಿರುವಾಗಲೇ ಕಿಡಿ ನೋಡಬೇಕು; ತಣ್ಣಗಾದ ಮೇಲೆ ನೋಡಿದರೆ ಕಿಡಿ ಚೆನ್ನಾಗಿಯೇ ಇರುತ್ತದೆ. ಪ್ಲಗ್ಗನ್ನು ಹೊರತೆಗೆದು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆಯುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ, ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತಿರುತ್ತದೆ. ಪ್ಲಗ್ಗಿಗೂ ವೈರಿಗೂ ನಡುವೆ ಸಿಕ್ಕಿಸುವ ದೀಪದ ಟೆಸ್ಟರ್ ಆಟೊಮೊಬೈಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಇನ್ನು ಆಯಿಲ್ ಸೆನ್ಸರ್: ಕೆರೆಯ ಏರಿಯಲ್ಲೋ ಗುಡ್ಡದ ಬುಡದಲ್ಲೋ ಗಾಡಿ ಒಂದು ಮಗ್ಗುಲಿಗೆ ವಾಲಿ ನಿಂತಿದ್ದರೆ ಆಯಿಲ್ ಸರಿಯಾಗಿದ್ದರೂ ಅದು ಕಡಿಮೆ ಎಂದೇ ಓದಿ ಎಂಜಿನ್ ನಿಲ್ಲಿಸುತ್ತದೆ. ಸಾಣಾಪುರದಲ್ಲಿ ನೀವು ನಿಲ್ಲಿಸಿದ ಜಾಗ ಇಳಿಜಾರಾಗಿತ್ತೇ ಎಂದು ನೆನಪಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ ನನ್ನ ಅನುಮಾನ ಪೆಟ್ಟಿಗೆಯ ಮೇಲೆಯೇ ಇದೆ, ಏಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಬಳ್ಳಾರಿಯಲ್ಲಿ ಕೆಲಸಕ್ಕೆ ಕುಳಿತ ಮೊದಲ ವರ್ಷಗಳಲ್ಲಿ ಸೌಂಡ್ ಸಿಸ್ಟಂ ಗಾಡಿಯೊಂದಕ್ಕೆ ಇಂಥದೇ ಪೆಟ್ಟಿಗೆ ಕಟ್ಟಿಕೊಟ್ಟಿದ್ದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ರಾತ್ರಿಯಿಡೀ ಓಡಿ ನನಗೆ ಹೆಸರು ತಂದ ಆ ಯಂತ್ರ, ಮೇ ತಿಂಗಳಲ್ಲಿ ರಾಯಚೂರಿನ ಕಡೆಯ ಒಂದು ಮದುವೆಯಲ್ಲಿ ತಾಸಿಗೊಮ್ಮೆ ನಿಂತು ಇದ್ದ ಹೆಸರನ್ನೂ ತೆಗೆಯಿತು. ಎರಡು ಸಲ ಕಾಯಿಲ್ ಬದಲಿಸಿದ ಮೇಲೆ, ಗಾಳಿ ಒಳಬರುವ ಜಾಲರಿಯನ್ನೂ ಹೊರಹೋಗುವ ಜಾಲರಿಯನ್ನೂ ಒಂದೇ ಬಾಗಿಲಲ್ಲಿ ಇಟ್ಟಿದ್ದೇನೆ ಎಂಬುದು ನನ್ನ ಕಣ್ಣಿಗೆ ಬಿತ್ತು.

ಪೆಟ್ಟಿಗೆಯನ್ನು ಹೀಗೆ ತಿದ್ದಿಸಿರಿ. ಎಳೆಯುವ ಹಗ್ಗವಿರುವ ಮಗ್ಗುಲಲ್ಲಿ ಎಂಜಿನ್ ಗಾಳಿಯನ್ನು ಸೇದುತ್ತದೆ. ಆ ಬದಿಯ ತಗಡಿನಲ್ಲಿ, ಕೆಳಭಾಗದಲ್ಲಿ ತಣ್ಣನೆಯ ಗಾಳಿಗೆ ದಾರಿ ಕೊಡಬೇಕು. ಸೈಲೆನ್ಸರ್ ಇರುವ ಎದುರು ಬದಿಯಲ್ಲಿ, ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಹೋಗಬೇಕು. ಎರಡರ ನಡುವೆ ತಗಡಿನ ಅಡ್ಡಗೋಡೆಯಿದ್ದು, ಬಿಸಿಗಾಳಿ ಮರಳಿ ಬರುವ ಸಂದು ಉಳಿಯಬಾರದು. ತೂತು ಎಷ್ಟಿರಬೇಕು ಎಂದರೆ, ನಮ್ಮಲ್ಲಿ ಎಂಜಿನ್ ಫ್ಯಾನಿನ ಜಾಲರಿಯ ಎರಡರಷ್ಟು ಒಳದಾರಿ, ಅದಕ್ಕಿಂತ ತುಸು ದೊಡ್ಡ ಹೊರದಾರಿ ಎಂಬ ರೂಢಿಯಿದೆ; ಬಿಸಿಯಾದ ಗಾಳಿ ಹಿಗ್ಗಿರುತ್ತದೆಯಲ್ಲ. ತೂತಿಗೆ ಸಣ್ಣ ಕಣ್ಣಿನ ಜಾಲರಿ ಬಡಿದರೆ ತಂತಿಯೇ ಜಾಗದ ಅರ್ಧವನ್ನು ತಿನ್ನುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಸ್ಪಂಜನ್ನು ಇಂದೇ ಕಿತ್ತುಹಾಕಿರಿ. ಅದು ಶಾಖವನ್ನು ಹಿಡಿದಿಡುವುದಷ್ಟೇ ಅಲ್ಲ, ಸೋರಿದ ಪೆಟ್ರೋಲನ್ನು ಹೀರಿಕೊಂಡು ಬತ್ತಿಯಂತೆ ಕಾದು ಕೂತಿರುತ್ತದೆ. ಸದ್ದು ತಗ್ಗಿಸಲೇಬೇಕಾದರೆ ಕಲ್ಲಿನ ನಾರಿನಿಂದ ಮಾಡಿದ, ಬೆಂಕಿ ಹತ್ತದ ರಾಕ್‌ವೂಲ್ ಹಲಗೆಯನ್ನು ಅಲ್ಯೂಮಿನಿಯಂ ಹಾಳೆಯ ಹೊದಿಕೆಯೊಂದಿಗೆ ಹಾಕಿಸಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಪೆಟ್ಟಿಗೆಯ ತಳದಲ್ಲೂ ತೂತುಗಳಿರಬೇಕು; ಬ್ಯಾಟರಿಯನ್ನಾಗಲಿ ಅಡುಗೆಯ ಸಿಲಿಂಡರನ್ನಾಗಲಿ ಅದೇ ಪೆಟ್ಟಿಗೆಯಲ್ಲಿ ಇಡಕೂಡದು.

ನಿಜ ಹೇಳಬೇಕೆಂದರೆ, ಸ್ವಂತ ಟ್ಯಾಂಕಿರುವ ಈ ಬಗೆಯ ಜನರೇಟರ್ ಮುಚ್ಚಿದ ಪೆಟ್ಟಿಗೆಯಲ್ಲಿ ಓಡಲೆಂದು ಮಾಡಿದ್ದೇ ಅಲ್ಲ. ಗಾಡಿಯೊಳಗೆ ಓಡುವ ಜನರೇಟರುಗಳ ಗಾಳಿಯ ದಾರಿ, ಹೊಗೆಯ ಪೈಪು ಎಲ್ಲವನ್ನೂ ಅದಕ್ಕೆಂದೇ ರೂಪಿಸಿರುತ್ತಾರೆ, ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ನಿಮ್ಮ ಖರ್ಚಿಗೆ ಒಗ್ಗುವ ದಾರಿಯೆಂದರೆ ಪೆಟ್ಟಿಗೆಯ ತಳಕ್ಕೆ ಭಾರ ಹೊರುವ ಚಾನೆಲ್ ಹಾಕಿಸಿ, ಮೇಜಿನ ಡ್ರಾಯರಿನಂತೆ ಯಂತ್ರವನ್ನು ಹೊರಗೆಳೆಯುವ ತಟ್ಟೆ ಮಾಡಿಸುವುದು. ಗಾಡಿ ನಿಂತಾಗ ಹೊರಗೆಳೆದು ಓಡಿಸಿ, ಹೊರಡುವ ಮುಂಚೆ ತಣ್ಣಗಾದ ಮೇಲೆ ಒಳಗೆ ತಳ್ಳಿದರಾಯಿತು. ನಾನಾಗಿದ್ದರೆ 5 ಕೆವಿಎಗೆ ಹಾಕುವ ದುಡ್ಡಿನ ಸಣ್ಣ ಪಾಲನ್ನು ಇದಕ್ಕೆ ಹಾಕುತ್ತಿದ್ದೆ.

ಬಿಸಿಯ ಜೊತೆಗೇ ಧೂಳಿನ ಮಾತನ್ನೂ ಆಡಬೇಕು, ಏಕೆಂದರೆ ಯಂತ್ರದೊಂದಿಗೆ ಬರುವ ಪುಸ್ತಿಕೆ ನಮ್ಮ ಜಿಲ್ಲೆಗಳನ್ನು ನೋಡಿ ಬರೆದದ್ದಲ್ಲ. ಸಂಡೂರಿನ ದಾರಿಯಲ್ಲಿ ಅದಿರಿನ ಕೆಂಪು ಧೂಳು, ಗಿಣಿಗೇರಾ ಕಡೆ ಕಾರ್ಖಾನೆಗಳ ಕಪ್ಪು ಬೂದಿ, ಬೇಸಿಗೆಯ ಎರೆ ಹೊಲಗಳಲ್ಲಿ ಹಿಟ್ಟಿನಂಥ ಮಣ್ಣು. ಇವೆಲ್ಲ ಏರ್ ಫಿಲ್ಟರಿಗೆ ಬೀಳುತ್ತವೆ. ಆದರೆ ಅದಕ್ಕಿಂತ ಕೆಟ್ಟದ್ದು ನಿಮ್ಮ ಊರಿನ ಅಕ್ಕಿ ಗಿರಣಿಗಳ ಹೊಟ್ಟು ಮತ್ತು ರಾಯಚೂರು ಕಡೆಯ ಹತ್ತಿಯ ಎಳೆ. ಇವು ಫಿಲ್ಟರಿಗೆ ಹೋಗುವುದಿಲ್ಲ, ಫ್ಯಾನಿನ ಗಾಳಿಯೊಡನೆ ಹೋಗಿ ಸಿಲಿಂಡರಿನ ತಂಪು ರೆಕ್ಕೆಗಳ ನಡುವೆ, ಹೊರಗಿನಿಂದ ಕಾಣದ ಜಾಗದಲ್ಲಿ ಗೂಡು ಕಟ್ಟುತ್ತವೆ. ಹೊಟ್ಟಿಗೆ ಸ್ವಲ್ಪ ಆಯಿಲ್ ಸೇರಿದರೆ ಒಣಗಿ ಬೆರಣಿಯಂತಾಗುತ್ತದೆ. ವರ್ಷಕ್ಕೊಮ್ಮೆ ಫ್ಯಾನಿನ ಮೇಲಿನ ತಗಡನ್ನು ಬಿಚ್ಚಿ ಬ್ರಷ್ಷಿನಿಂದ ರೆಕ್ಕೆಗಳನ್ನು ಬಿಡಿಸಬೇಕು, ನೀರು ಹೊಡೆಯಬಾರದು. ನಿಮ್ಮ ಗಾಡಿ ಗಿರಣಿಗಳ ಸಾಲಿನಲ್ಲೇ ನಿಲ್ಲುವುದಾದರೆ ಈ ಕೆಲಸವನ್ನು ಈ ವಾರವೇ ಮಾಡಿಸಿರಿ. ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ ಕೂಡಿಸಬೇಕು. ಕಾಗದದ ಫಿಲ್ಟರಾದರೆ ತಟ್ಟಿ ಜಾಡಿಸಬಹುದು, ತೊಳೆಯುವಂತಿಲ್ಲ.

ಬೆಳಗಿನ ಏರಿಳಿತ ಬೇರೆಯೇ ಕಥೆ, ಅದನ್ನು ಮಧ್ಯಾಹ್ನದ ನಿಲುಗಡೆಯೊಂದಿಗೆ ಕಲಸಬಾರದು. ನಿಮ್ಮದು ಇನ್ವರ್ಟರ್ ಮಾದರಿಯ ಜನರೇಟರ್ ಆಗಿದ್ದರೆ ಭಾರಕ್ಕೆ ತಕ್ಕಂತೆ ಎಂಜಿನ್ ಸುತ್ತು ಏರಿಳಿಯುವುದು ಸಹಜ, ಆದರೆ ಆಗ ದೀಪ ಮಿಣುಕುವುದಿಲ್ಲ. ಮಿಣುಕುತ್ತಿರುವುದರಿಂದ ಇದು ನಿಮಿಷಕ್ಕೆ 3000 ಸುತ್ತು ತಿರುಗಿ 50 ಹರ್ಟ್ಜ್ ಕೊಡುವ ಸಾಮಾನ್ಯ ಮಾದರಿ ಎಂದು ತಿಳಿದು ಬರೆಯುತ್ತಿದ್ದೇನೆ. ಕಡಿಮೆ ಭಾರದಲ್ಲಿ ಎಂಜಿನ್ ಹೀಗೆ ಏರಿಳಿಯುವುದನ್ನು ನಾವು ಹಂಟಿಂಗ್ ಎನ್ನುತ್ತೇವೆ. ಕಡಿಮೆ ಭಾರದಲ್ಲಿ ಪೆಟ್ರೋಲ್ ಬರುವುದು ಕಾರ್ಬುರೇಟರಿನ ಅತಿ ಸಣ್ಣ ಜೆಟ್ಟಿನಿಂದ, ಎಂದರೆ ಪೆಟ್ರೋಲ್ ಹಾಯುವ ತೂತುಳ್ಳ ಪುಟ್ಟ ತುಂಡಿನಿಂದ. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದು, ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಮೊದಲು ಕಟ್ಟುವುದು ಅದನ್ನೇ. ಮೆಕ್ಯಾನಿಕ್ ತೊಳೆದಿದ್ದಾರೆ ಎಂದಿರಿ. ಕೆಳಗಿನ ಬಟ್ಟಲನ್ನೂ ದೊಡ್ಡ ಜೆಟ್ಟನ್ನೂ ತೊಳೆದು ಸಣ್ಣದನ್ನು ಬಿಚ್ಚದೆ ಬಿಡುವುದು ಸಾಮಾನ್ಯ, ಏಕೆಂದರೆ ಅದು ಪ್ಲಾಸ್ಟಿಕ್ ತಿರುಪಿನ ಹಿಂದೆ ಅಡಗಿರುತ್ತದೆ. ಅದನ್ನು ಹೊರತೆಗೆದು ಕಾರ್ಬುರೇಟರ್ ಕ್ಲೀನರಿನಿಂದ ತೊಳೆದು, ಬೆಳಕಿಗೆ ಹಿಡಿದು ರಂಧ್ರದಲ್ಲಿ ಬೆಳಕು ಕಾಣುವಂತಾಗಬೇಕು. ಸೂಜಿ ತೂರಿಸಿದರೆ ರಂಧ್ರ ದೊಡ್ಡದಾಗಿ ಜೆಟ್ ಕೆಡುತ್ತದೆ. ಇಲ್ಲಿಯೂ ಚೋಕಿನ ಪರೀಕ್ಷೆ ನಡೆಯುತ್ತದೆ: ಸ್ವಲ್ಪ ಎಳೆದಾಗ ಏರಿಳಿತ ನಿಂತರೆ ಒಂದೋ ಈ ಜೆಟ್ ಕಟ್ಟಿದೆ, ಇಲ್ಲವೇ ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ಗ್ಯಾಸ್ಕೆಟ್ ಹರಿದು ಗಾಳಿ ಸೇರುತ್ತಿದೆ. ಚೋಕ್ ಎಳೆದರೂ ಬದಲಾಗದಿದ್ದರೆ ಎಂಜಿನ್ ಸುತ್ತನ್ನು ಒಂದೇ ಮಟ್ಟದಲ್ಲಿಡುವ ಗವರ್ನರಿನ ಸ್ಪ್ರಿಂಗ್ ತಪ್ಪು ತೂತಿನಲ್ಲಿ ಸಿಕ್ಕಿದೆಯೇ ನೋಡಬೇಕು. ಹಂಟಿಂಗ್ ಮುಚ್ಚಲೆಂದು ಕೆಲವರು ಗವರ್ನರ್ ತಿರುಪನ್ನು ಬಿಗಿಮಾಡಿ ಸುತ್ತು ಏರಿಸಿಬಿಡುತ್ತಾರೆ. ಹರ್ಟ್ಜ್ ತೋರಿಸುವ ಮಲ್ಟಿಮೀಟರಿನಲ್ಲಿ ಭಾರವಿಲ್ಲದಾಗ 52ರ ಆಸುಪಾಸು, ಭಾರ ಬಿದ್ದಾಗ 50ರ ಆಸುಪಾಸು ಬರಬೇಕು. ವೋಲ್ಟೇಜ್ 230ರ ಸುತ್ತಮುತ್ತ ಇರಲಿ.

ಜೆಟ್ ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹೆಚ್ಚು ನೀರು ಸೇರಿದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ. ಮಳೆಗಾಲದಲ್ಲಿ ಮೂರು ತಿಂಗಳು ಮುಟ್ಟದೆ ಬಿಟ್ಟ ಯಂತ್ರದ ಕಾರ್ಬುರೇಟರ್ ಬಟ್ಟಲಲ್ಲಿ ಬಿಳಿ ಪುಡಿಯನ್ನೂ ಹಸಿರು ಕಿಲುಬನ್ನೂ ನಾನು ಈಗೀಗ ಬಹಳ ನೋಡುತ್ತಿದ್ದೇನೆ. ಪ್ರವಾಸ ಮುಗಿಸಿ ಬಂದಾಗ ಪೆಟ್ರೋಲ್ ಕಾಕನ್ನು ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿರಿ, ಬಟ್ಟಲು ಬರಿದಾಗುತ್ತದೆ. ಟ್ಯಾಂಕಿನಲ್ಲಿ ಉಳಿದದ್ದನ್ನು ತೆಗೆದು ಬೈಕಿಗೆ ಹಾಕಿಕೊಳ್ಳಿ. ತಿಂಗಳಿಗೊಮ್ಮೆ ಹೊಸ ಪೆಟ್ರೋಲಿನಲ್ಲಿ ಅರ್ಧ ತಾಸು, ಅರ್ಧದಷ್ಟಾದರೂ ಭಾರ ಹಾಕಿ ಓಡಿಸುವುದು ಎಂಜಿನ್ನಿಗೂ ವಿದ್ಯುತ್ ಹುಟ್ಟಿಸುವ ತಂತಿಸುರುಳಿಯಾದ ವೈಂಡಿಂಗಿಗೂ ಒಳ್ಳೆಯದು, ವೈಂಡಿಂಗಿನ ತೇವ ಆರುತ್ತದೆ.

ಆಯಿಲ್ ವಿಷಯದಲ್ಲಿ ಪುಸ್ತಿಕೆ ಹೊಸ ಎಂಜಿನ್ನಿಗೆ ಮೊದಲ 20 ತಾಸಿಗೆ, ಆಮೇಲೆ 100 ತಾಸಿಗೊಮ್ಮೆ ಬದಲಿಸಿ ಎನ್ನುತ್ತದೆ. ನಮ್ಮ ಧೂಳಿಗೂ ಬಿಸಿಲಿಗೂ 50 ತಾಸು ಸಾಕು. ಈ ಎಂಜಿನ್‌ಗಳು ಹಿಡಿಯುವುದೇ ಅರ್ಧ ಲೀಟರಿನ ಮೇಲೆ ಸ್ವಲ್ಪ, ಅದರಲ್ಲಿ ನೂರು ಮಿಲಿಲೀಟರ್ ಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಾದರೆ ಏರ್ ಫಿಲ್ಟರಿಗೆ ಉಕ್ಕಿ ಹೊಗೆ ಬರುತ್ತದೆ.

ಈಗ ಭಾರದ ಲೆಕ್ಕ. ಲೇಬಲ್ಲಿನ 3 ಕೆವಿಎ ಕೆಲ ನಿಮಿಷದ ಗರಿಷ್ಠವೋ ನಿರಂತರವೋ ಎಂಬುದನ್ನು ಓದಿ ನೋಡಿ, ನಿರಂತರದ ಅಂಕಿ ಗರಿಷ್ಠಕ್ಕಿಂತ ಕಡಿಮೆಯೇ ಇರುತ್ತದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಕಾರ್ಬುರೇಟರ್ ಎಂಜಿನ್ ಶೇ. 3.5ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಜಿಲ್ಲೆಗಳು ನಾಲ್ಕೈದು ನೂರು ಮೀಟರ್ ಎತ್ತರದಲ್ಲಿವೆ. ಸೇದುವ ಗಾಳಿ ಬಿಸಿಯಾದಷ್ಟೂ ಇನ್ನಷ್ಟು ಕಡಿಮೆ. ಹಾಗಾಗಿ ಬೇಸಿಗೆಯಲ್ಲಿ ನಿರಂತರ 2 ಕಿಲೊವ್ಯಾಟ್ ಮೇಲೆ ಎಣಿಕೆ ಇಟ್ಟುಕೊಳ್ಳಬೇಡಿ. ಒಂದು ಟನ್ನಿನ ಎ.ಸಿ. ಓಡುವಾಗ ಒಂದು ಕಿಲೊವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ಆದರೆ ಅದು ಇನ್ವರ್ಟರ್ ಎ.ಸಿ. ಅಲ್ಲದಿದ್ದರೆ ಕಂಪ್ರೆಸರ್ ಎತ್ತಿಕೊಳ್ಳುವಾಗ ಕ್ಷಣಕಾಲ ಅದರ ಹಲವು ಪಟ್ಟು ಕೇಳುತ್ತದೆ. ಮೊದಲು ಎ.ಸಿ. ಹಚ್ಚಿ, ಅದು ನೆಲೆಗೊಂಡ ಮೇಲೆ ಫ್ರಿಜ್. ಮಿಕ್ಸಿ ತಿರುಗಿಸುವಾಗ ಎ.ಸಿ. ಆರಿರಲಿ. ನಿಲ್ಲಿಸುವ ಮುಂಚೆ ಎಲ್ಲ ಭಾರವನ್ನೂ ತೆಗೆದು ಐದು ನಿಮಿಷ ಬರಿದೆ ಓಡಿಸಿರಿ.

ಕೊನೆಯದಾಗಿ, ನೀವು ಕೇಳದಿದ್ದರೂ ನಾನು ಬರೆಯಲೇಬೇಕಾದದ್ದು ಎರಡಿವೆ. ಮೊದಲನೆಯದು ಹೊಗೆ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮಲಗಿದವರು ಎಚ್ಚರವಾಗದೆಯೇ ಸಾಯುತ್ತಾರೆ. ಪೆಟ್ಟಿಗೆಗೂ ಮಲಗುವ ಕೋಣೆಗೂ ನಡುವಿನ ಗೋಡೆಯಲ್ಲಿ ವೈರ್ ಹಾಯಿಸಿದ ತೂತನ್ನೂ ಬಿಡದೆ ಮುಚ್ಚಿಸಬೇಕು, ಸೈಲೆನ್ಸರಿನ ಬಾಯಿ ಕಿಟಕಿಗಳಿಂದ ದೂರ, ಗಾಳಿ ಹೊಗೆಯನ್ನು ಗಾಡಿಯಿಂದ ಆಚೆಗೆ ಒಯ್ಯುವ ದಿಕ್ಕಿಗಿರಬೇಕು, ಮಂಚದ ಎತ್ತರದಲ್ಲಿ ಈ ಅನಿಲವನ್ನು ಗುರುತಿಸುವ ಅಲಾರಂ ಇರಬೇಕು. ಅಲಾರಂ ಇದ್ದರೂ ಮಕ್ಕಳನ್ನು ಮಲಗಿಸಿ ರಾತ್ರಿಯಿಡೀ ಜನರೇಟರ್ ಓಡಿಸುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು ಅರ್ತಿಂಗ್. ಇಂಥ ಜನರೇಟರುಗಳಲ್ಲಿ ಹಲವಕ್ಕೆ ನ್ಯೂಟ್ರಲ್ ಯಾವುದಕ್ಕೂ ಕೂಡಿಸಿರುವುದಿಲ್ಲ. ಆಗ ಗಾಡಿಯಲ್ಲಿ ಕರೆಂಟು ಸೋರಿದಾಗ ತಾನೇ ಬಿದ್ದು ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿದ್ದರೂ ಶಾಕ್ ಹೊಡೆದಾಗ ಅದು ಬೀಳದಿರಬಹುದು. ಟೆಸ್ಟ್ ಗುಂಡಿ ಒತ್ತಿದಾಗ ಬೀಳುತ್ತದೆಯಲ್ಲ ಎಂದು ನಂಬಬೇಡಿ, ಆ ಗುಂಡಿ ಅರ್ತಿಂಗ್ ಇಲ್ಲದೆಯೂ ಕೆಲಸ ಮಾಡುತ್ತದೆ. ಜನರೇಟರ್ ಓಡುವಾಗ ನ್ಯೂಟ್ರಲ್, ಜನರೇಟರಿನ ಮೈ ಮತ್ತು ಗಾಡಿಯ ಚಾಸಿ ಒಂದಾಗುವಂತೆ, ಮನೆಯ ಕರೆಂಟಿಗೆ ಸಿಕ್ಕಿಸಿದಾಗ ಆ ಜೋಡಣೆ ತಪ್ಪುವಂತೆ, ಎರಡೂ ತಂತಿಯನ್ನು ಬದಲಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿರಿ. ಆ ಸ್ವಿಚ್ ಇಲ್ಲದೆ ಮನೆಯ ಪ್ಲಗ್ಗಿಗೆ ಜನರೇಟರ್ ಸಿಕ್ಕಿಸಿದರೆ, ಕಂಬದ ಮೇಲಿರುವ ಜೆಸ್ಕಾಂ ಲೈನ್‌ಮನ್‌ಗೆ ನಿಮ್ಮ ಕರೆಂಟು ಹೊಡೆಯುತ್ತದೆ.

ಯಂತ್ರವನ್ನು ಹೊರಗಿಟ್ಟು ಓಡಿಸಿದ ಆ ಒಂದು ತಾಸಿನ ಫಲವನ್ನು ಬರೆದು ಕಳಿಸಿರಿ: ನಿಂತಿತೇ, ಒಮ್ಮೆಲೇ ನಿಂತಿತೇ ಏದುಸಿರು ಬಿಟ್ಟು ನಿಂತಿತೇ, ಚೋಕ್ ಎಳೆದಾಗ ಏನಾಯಿತು, ಮೀಟರಿನಲ್ಲಿ ಹರ್ಟ್ಜ್ ಎಷ್ಟು ಬಂತು. 5 ಕೆವಿಎ ಮಾತನ್ನು ಆಮೇಲೆ ಆಡೋಣ.